ತ್ರ್ಯಂಬಕದ ದಾರಿಯಲ್ಲಿ ಸುಂಟರಗಾಳಿ

ನೀರಜಾ ಧಾರವಾಡದವಳು. ಮದುವೆಯಾದ ಮೇಲೆ, ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದ ಗಂಡ ಅರವಿಂದನ ಜೊತೆ ನಾಸಿಕಕ್ಕೆ ಬಂದಳು. ಅವಳು ಕೆಲಸ ಮಾಡುತ್ತಿದ್ದ ಬ್ಯಾಂಕಿನಲ್ಲಿ ಬಡ್ತಿ ಸಿಕ್ಕಾಗ ಅವಳೊಬ್ಬಳನ್ನೇ ಉತ್ತರ ಬಂಗಾಳದ ಸಣ್ಣ ಊರಿಗೆ ಹಾಕಿದರು. ಊರು ಹಿತವಾಗಿತ್ತು, ಜನ ಒಳ್ಳೆಯವರು. ಎರಡನೇ ವರ್ಷದ ಚೈತ್ರದಲ್ಲಿ, ರಜೆಯ ದಿನ ಮಧ್ಯಾಹ್ನ ಸುಂಟರಗಾಳಿಯೊಂದು ಅವಳಿದ್ದ ಓಣಿಯ ಮೇಲೇ ಹಾದುಹೋಯಿತು. ಮಂಚದ ಕೆಳಗೆ ತೂರಿಕೊಂಡ ನೀರಜಾ ಚಾವಣಿಯ ತಗಡು ಹರಿಯುವ ಸದ್ದು ಕೇಳಿದಳು. ಮಂಚದಡಿಯಿಂದ ಈಚೆ ಬಂದಾಗ ಮನೆಯೊಳಗಿಂದಲೇ ಆಕಾಶ ಕಾಣುತ್ತಿತ್ತು. ಮೀನು ತಿನ್ನೋದು ಕಲಿ ಎಂದು ದಿನಾ ಕಾಡುತ್ತಿದ್ದ ಪಕ್ಕದ ಮನೆಯ ಅಜ್ಜಿ ಉಳಿಯಲಿಲ್ಲ.

ವರ್ಗವಾಗಿ ನಾಸಿಕಕ್ಕೆ ಮರಳಿದ ಮೇಲೂ, ಗಾಳಿಗೆ ಬಾಗಿಲು ಬಡಿದರೆ ಅವಳು ಕೈಯ ಲೋಟ ಕೆಳಗಿಟ್ಟು ಚಾವಣಿ ನೋಡುತ್ತಿದ್ದಳು. ಅರವಿಂದ ಮೊಬೈಲಿನಲ್ಲಿ ನಕಾಶೆ ತೋರಿಸಿದ.

“ನೋಡು, ಬಂಗಾಳ, ಒಡಿಶಾ, ಅಸ್ಸಾಮ. ಇಂಥಾ ಗಾಳಿ ಹೆಚ್ಚು ಅಲ್ಲೇ. ನಮ್ಮ ಕಡೆ ಕ್ವಚಿತ್.”

“ಕ್ವಚಿತ್ ಅಂದ್ರ ಇಲ್ಲ ಅಂತ ಅಲ್ಲಲ್ಲ?”

ಅವನು ಮೊಬೈಲು ಜೇಬಿಗಿಟ್ಟ. ಅತ್ತೆ ರಾಧಾಬಾಯಿ ಮಾತ್ರ, “ಗೋದಾವರಿ ಹುಟ್ಟಿದ ನೆಲ ಇದು. ಹಂತಾದ್ದೇನೂ ಆಗಂಗಿಲ್ಲ ಬಿಡವಾ,” ಎಂದು ಸಮಾಧಾನ ಹೇಳಿದರು.

ಮೇ ತಿಂಗಳ ಒಂದು ಶನಿವಾರ ಅತ್ತೆ ಸೊಸೆ ಇಬ್ಬರೂ ತ್ರ್ಯಂಬಕೇಶ್ವರಕ್ಕೆ ಶೇರ್ ಜೀಪು ಹತ್ತಿದರು. ಜೀಪು ತುಂಬ ಜನ. ಅರ್ಧ ದಾರಿಯಲ್ಲಿ ಸೆಖೆ ಒಮ್ಮೆಗೇ ಕಡಿಮೆಯಾಗಿ, ಬೆಟ್ಟದ ಕಡೆಯಿಂದ ಕಪ್ಪು ಮೋಡ ಇಳಿಯಿತು. ಅದರ ಹೊಟ್ಟೆಯಿಂದ ಬೂದು ಬಣ್ಣದ ಬಾಲವೊಂದು ಜೋತುಬಿದ್ದು, ಖಾಲಿ ಗದ್ದೆಗಳ ಮೇಲೆ ಮಣ್ಣೆಬ್ಬಿಸುತ್ತ ರಸ್ತೆಯ ಕಡೆಗೇ ಬರುತ್ತಿತ್ತು.

“ಗಾಡಿ ನಿಲ್ಲಿಸ್ರಿ!” ಗಾಬರಿಯಲ್ಲಿ ನೀರಜಾ ಕನ್ನಡದಲ್ಲೇ ಕೂಗಿದಳು. ಆಮೇಲೆ ಮರಾಠಿಯಲ್ಲಿ ಹೇಳಿದಳು.

ಡ್ರೈವರ್ ಮಧುಕರ ನಕ್ಕು, ಬೇಸಿಗೆಯಲ್ಲಿ ಇಂಥ ವಾವಟಳ ದಿನಾ ಏಳುತ್ತದೆ ತಾಯಿ ಎಂದ. ಮಣ್ಣು ಸುತ್ತಿಕೊಂಡು ಏಳುವ ಬಿಸಿಲಿನ ಸುಳಿಗಾಳಿಯನ್ನು ಅಲ್ಲಿಯವರು ಹಾಗೆನ್ನುತ್ತಾರೆ. ಅಷ್ಟರಲ್ಲಿ ಮುಂದಿನ ಚಹಾದಂಗಡಿಯ ತಗಡು ಹಾರಿ ರಸ್ತೆಯ ಮೇಲೆ ಉರುಳಿತು. ಅವನು ಬ್ರೇಕ್ ಒತ್ತಿದ.

ರಸ್ತೆ ಪಕ್ಕದಲ್ಲೇ ಚಿಕ್ಕದೊಂದು ಕಲ್ಲಿನ ಮಾರುತಿ ಗುಡಿಯಿತ್ತು. ನೀರಜಾ ಅತ್ತೆಯ ರಟ್ಟೆ ಹಿಡಿದು ಎಳೆದಳು.

“ಅತ್ಯಾರ, ಲಗೂನ ಇಳೀರಿ!”

“ಚಪ್ಪಲಿ ಬಿಡ್ತೀನಿ ತಡಿ. ಗುಡಿಯೊಳಗ ಹ್ಯಾಂಗ—”

“ಇರ್ಲಿ, ನಡೀರಿ!”

ಹಿಂದೆಯೇ ಜೀಪಿನ ಉಳಿದವರೂ ಓಡಿ ಬಂದರು. ಚಹಾದಂಗಡಿಯವನೂ ಬಂದ. ಎಲ್ಲರೂ ಗರ್ಭಗುಡಿಯೊಳಗೆ ಒತ್ತೊತ್ತಾಗಿ ಕುಳಿತರು. ಅವಳು ಅತ್ತೆಯ ತಲೆಯ ಮೇಲೆ ಬಗ್ಗಿದಳು. ಕಿವಿ ಗಡಚಿಕ್ಕುವ ಸದ್ದು ಬಂತು, ಕಲ್ಲು ಅದುರಿತು, ಬಾಯಿ ತುಂಬ ಮಣ್ಣು. ಆಮೇಲೆ ಆಲಿಕಲ್ಲು, ಆಮೇಲೆ ಬರೀ ಮಳೆ.

ಹೊರಗೆ ಬಂದಾಗ ಜೀಪು ಗದ್ದೆಯಲ್ಲಿ ಮಗ್ಗುಲಾಗಿ ಬಿದ್ದಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ. ಮಧುಕರ ಜೀಪನ್ನು ನೋಡಿದ, ಅವಳನ್ನು ನೋಡಿದ, ಕೈಮುಗಿದ. ನೀರಜಾ ಗುಡಿಯ ಕಟ್ಟೆಯ ಮೇಲೆ ಕುಳಿತು ಅಳತೊಡಗಿದಳು.

“ಎಲ್ಲಾರೂ ಅರಾಮ ಇದ್ದಾರಲ್ಲವಾ, ಯಾಕ ಅಳ್ತಿ?” ರಾಧಾಬಾಯಿ ಸೆರಗಿನಿಂದ ಅವಳ ಮುಖದ ಕೆಸರು ಒರೆಸಿದರು.

“ಆ ಅಜ್ಜಿ ನೆನಪಾದ್ಳ್ರೀ. ಅವತ್ತ ಅಳಾಕ ಆಗಿರಲಿಲ್ಲ.”

ರಾಧಾಬಾಯಿ ಪಕ್ಕದಲ್ಲೇ ಕುಳಿತರು. ಹಳ್ಳಿಯವರು ಬಂದು, ಜೀಪು ಎತ್ತುವುದಕ್ಕೆ ಹಗ್ಗ ಹುಡುಕುತ್ತಿದ್ದರು.

ಸಂಜೆ ಬೇರೆ ಜೀಪು ಹಿಡಿದು ದರ್ಶನವನ್ನೂ ಮುಗಿಸಿಕೊಂಡೇ ಮನೆಗೆ ಬಂದರು. ಸುದ್ದಿ ಕೇಳಿದ ಅರವಿಂದನ ಮುಖ ಬಿಳಿಚಿಕೊಂಡಿತು.

“ಧಾರವಾಡಕ್ಕ ವರ್ಗಾ ಕೇಳೋಣೇನು?”

“ಬ್ಯಾಡ್ರಿ. ಅಲ್ಲೇನು ಗಾಳಿ ಬೀಸಂಗಿಲ್ಲೇನು?” ಎಂದಳು ನೀರಜಾ. ಹಾಗೆ ಹೇಳುವಾಗ ತನಗೆ ಹೆದರಿಕೆಯಾಗುತ್ತಿಲ್ಲವಲ್ಲ ಎಂದು ಅವಳಿಗೇ ಸೋಜಿಗವಾಯಿತು.

ರಾಧಾಬಾಯಿ ಈಗ ತಾವಿರುವ ಹೌಸಿಂಗ್ ಸೊಸೈಟಿಯ ಹೆಂಗಸರಿಗೆಲ್ಲ ತಮ್ಮ ಅರ್ಧಂಬರ್ಧ ಮರಾಠಿಯಲ್ಲಿ ಈ ಕಥೆ ಹೇಳುತ್ತಾರೆ. ಪ್ರತಿ ಸಲವೂ ಮೋಡ ಒಂದಿಷ್ಟು ದೊಡ್ಡದಾಗುತ್ತದೆ. ನೀರಜಾ ತಿದ್ದುವುದಿಲ್ಲ. ಮಳೆಗಾಲಕ್ಕೆ ಮುಂಚಿನ ದಿನಗಳಲ್ಲಿ ಮೋಡ ಕಪ್ಪಿಟ್ಟರೆ ಬ್ಯಾಂಕಿನ ಬಾಗಿಲಿಗೆ ಬಂದು ಒಂದಿಷ್ಟು ಹೊತ್ತು ಮೇಲೆ ನೋಡುತ್ತಾಳೆ, ಸಾದಾ ಮಳೆಯೆಂದು ಗೊತ್ತಾದ ಮೇಲೆ ಒಳಗೆ ಹೋಗಿ ಕೆಲಸಕ್ಕೆ ಕೂರುತ್ತಾಳೆ.