ಅಯ್ಯಪ್ಪನಿಗೆ ಗದ್ದ ಕೊಡದ ಊರು

ನಮ್ಮೂರ ಕ್ಷೌರಿಕ ಅಯ್ಯಪ್ಪ ಹಡಪದ ಹೊಡೆದದ್ದು ಕೋಲಿನಿಂದ, ಕ್ಷೌರದ ಕತ್ತಿಯಿಂದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮೂರ ಗಂಡಸರಿಗೆ ಎಷ್ಟು ಸಲ ಹೇಳಿದರೂ ಇದು ತಲೆಗೆ ಹೋಗಲಿಲ್ಲ. ಅವನಿಗಿದ್ದ ತುಂಡು ಹೊಲದಲ್ಲಿ ನೆರೆಹೊಲದವನು ಬೇಕೆಂದೇ ಎತ್ತು ಬಿಟ್ಟು ಎದೆಮಟ್ಟ ಬೆಳೆದ ಜೋಳ ಮೇಯಿಸಿದ. ಮಾತಿಗೆ ಮಾತು ಬೆಳೆಯಿತು. ಅಯ್ಯಪ್ಪ ಅವನ ಕೈಯ ಬಾರುಕೋಲನ್ನೇ ಕಸಿದುಕೊಂಡು ಬಡಿದ. ತೋಳು ಮುರಿಯಿತು, ತಲೆ ಒಡೆಯಿತು. ತಪ್ಪು ತಪ್ಪೇ, ನಾನು ಇಲ್ಲವೆನ್ನುವುದಿಲ್ಲ. ಕೋರ್ಟು ಮೂರು ವರ್ಷ ಹಾಕಿತು. ಅವನು ಬೆಳಗಾವಿ ಜೈಲಿಗೆ ಹೋಗಿ ಮೂರು ವರ್ಷ ಮುಗಿಸಿ ಬಂದ. ಪೆಟ್ಟು ತಿಂದವನೇ ಆಮೇಲೆ ದಾರಿಯಲ್ಲಿ ಸಿಕ್ಕರೆ ಮಾತಾಡಿಸುತ್ತಿದ್ದ. ಒಂದೇಟೂ ತಿನ್ನದವರೇ ಮುಖ ತಿರುಗಿಸಿದರು.

ನಾನು ಅಡಿವೆವ್ವ, ಅವರ ಗೋಡೆಗೆ ಗೋಡೆ ಹತ್ತಿದ ಮನೆಯವಳು. ಕುಬುಸ ಹೊಲಿಯುತ್ತೇನೆ, ಕೌದಿ ಹೊಲಿಯುತ್ತೇನೆ, ಅನ್ನಿಸಿದ್ದನ್ನು ಮುಖದ ಮೇಲೆ ಅನ್ನುತ್ತೇನೆ. ನಮ್ಮೂರು ರೋಣ ತಾಲೂಕಿನಲ್ಲಿ ಗಜೇಂದ್ರಗಡದ ದಿಕ್ಕಿಗಿದೆ. ಹೆಸರು ಬೇಡ.

ಅಯ್ಯಪ್ಪ ಬಿಡುಗಡೆಯಾದ ವರ್ಷವೇ ಕನ್ನಡ ನಾಡು ಒಂದಾಯಿತು. ಶಾಲೆಯಲ್ಲಿ ಮಕ್ಕಳಿಗೆ ಸಕ್ಕರೆ ಹಂಚಿದರು, ಚಾವಡಿಗೆ ತೋರಣ ಕಟ್ಟಿದರು, ಗೌಡರು ಭಾಷಣ ಮಾಡಿದರು. ಅಷ್ಟು ದೊಡ್ಡ ನಾಡು ಕೂಡಿತು. ಒಬ್ಬ ಮನುಷ್ಯನನ್ನು ಅವನ ಊರಿಗೆ ಕೂಡಿಸುವುದು ಮಾತ್ರ ಯಾರಿಂದಲೂ ಆಗಲಿಲ್ಲ.

ಬಂದ ಮರುದಿನವೇ ಅವನು ಬೇವಿನ ಗಿಡದ ಕೆಳಗೆ, ತನ್ನ ಅಪ್ಪ ಕೂತಲ್ಲೇ ಕೂತು ಕತ್ತಿ ಮಸೆದ. ಯಾರೂ ಬರಲಿಲ್ಲ. ಅವನು ಜೈಲಿನಲ್ಲಿದ್ದಾಗ ಊರವರು ಸವಡಿಯಿಂದ ಅವನ ದೂರದ ದಾಯಾದಿಯೊಬ್ಬನನ್ನು ಕರೆತಂದು ಇಟ್ಟುಕೊಂಡಿದ್ದರು. ಸುಗ್ಗಿಯಲ್ಲಿ ರೈತರು ರಾಶಿಯಿಂದ ಅಳೆದು ಕೊಡುವ ಆಯದ ಕಾಳೂ ಅವನಿಗೇ ಹೋಗುತ್ತಿತ್ತು. ಸರಿ, ಹೊಟ್ಟೆಪಾಡು, ಅವನನ್ನು ಬಯ್ಯಲಾರೆ. ಆದರೆ ಊರಲ್ಲಿ ಗಡ್ಡಗಳಿಗೇನು ಬರವೇ? ಇಬ್ಬರೂ ಬದುಕಬಹುದಿತ್ತು.

ಅಯ್ಯಪ್ಪ ದೇವಪ್ಪಗೌಡರ ಕಟ್ಟೆಗೆ ಹೋಗಿ ಕೈಮುಗಿದು ನಿಂತ. ನಾನು ಗೌಡರ ಸೊಸೆಗೆ ಕುಬುಸ ಕೊಡಲು ಹೋದವಳು ಬಾಗಿಲಲ್ಲೇ ಇದ್ದೆ.

"ಅಯ್ಯಪ್ಪ, ನಿನ್ನ ಮ್ಯಾಲೆ ನಮಗ ಸಿಟ್ಟಿಲ್ಲೋ" ಅಂದರು ಗೌಡರು. "ಆದ್ರ ನಿನ್ನ ಮುಂದ ಗದ್ದ ಎತ್ತಿ ಕಣ್ಣ ಮುಚ್ಚಾಕ ಧೈರ್ಯಾ ಆಗವಲ್ದು."

"ಜೈಲಿನ ಸಾಹೇಬ್ರು ದಿನಾ ಮುಂಜಾನಿ ನನ್ನ ಮುಂದ ಕಣ್ಣ ಮುಚ್ಚಿ ಕುಂದರತಿದ್ರರಿ."

"ಅವರ ಹಿಂದ ಬಂದೂಕ ಹಿಡದಾವ ನಿಂತಿರತಿದ್ದ. ನಮ್ಮ ಹಿಂದ ಯಾರ ಅದಾರ?"

ಕಟ್ಟೆಯ ಮೇಲಿದ್ದವರು ಹೋ ಎಂದು ನಕ್ಕರು. ಅಯ್ಯಪ್ಪನೂ ನಗಬೇಕಾಯಿತು. ನನ್ನ ಮೈಯೆಲ್ಲ ಉರಿಯಿತು. ನಾನು ಹೆಂಗಸು, ನನಗೆ ಗಡ್ಡವಿಲ್ಲ. ಇದ್ದಿದ್ದರೆ ಅವತ್ತೇ ಅವರೆಲ್ಲರ ಮುಂದೆ ಬೇವಿನ ಗಿಡದ ಕೆಳಗೆ ಕೂತು ಬೋಳಿಸಿಕೊಳ್ಳುತ್ತಿದ್ದೆ. ಗಡ್ಡ ಇದ್ದ ನನ್ನ ಗಂಡ ಸವಡಿಯವನ ಮುಂದೆ ಕೂತು ನುಣ್ಣಗಾಗಿ ಬಂದ. ಆ ದಿನ ಅವನಿಗೆ ರೊಟ್ಟಿ ಹಾಕಲಿಲ್ಲ. "ನುಣ್ಣಗಿನ ಗದ್ದಾ ನೆಕ್ಕೊಂಡ ಮಲಕ್ಕೊ" ಅಂದೆ.

ಜೈಲಿನಲ್ಲಿ ಅವನು ಇನ್ನೊಂದು ಕಸುಬನ್ನೂ ಕಲಿತಿದ್ದ. ಬಡಿಗತನ. ರಂದ ಹೊಡೆದು ಮರ ನುಣುಪು ಮಾಡುವುದು, ಹಲಗೆ ಬೆಸೆಯುವುದು, ಬಾಗಿಲು, ಕಿಟಕಿ, ಶಾಲೆಯ ಬೆಂಚು. ಅಲ್ಲಿ ಯಾರೂ ನೀನು ಯಾವ ಜಾತಿಯವನು, ಉಳಿ ಯಾಕೆ ಹಿಡಿದೆ ಎಂದು ಕೇಳಿರಲಿಲ್ಲ. ಸರಿ, ಕತ್ತಿ ಬೇಡವಾದರೆ ಉಳಿ ಇದೆಯಲ್ಲ ಎಂದು ಅವನು ನಮ್ಮ ಓಣಿಯ ಮುದುಕಿ ಕಳಕವ್ವನ ಮುರಿದ ಕಿಟಕಿ ಸರಿಮಾಡಿಕೊಟ್ಟ. ಮರುದಿನವೇ ಊರ ಬಡಿಗ ಗೌಡರ ಕಟ್ಟೆ ಹತ್ತಿದ. ಅವನಿಗೂ ಆಯ ಇತ್ತಲ್ಲ, ಊರ ಮರದ ಕೆಲಸವೆಲ್ಲ ಅವನ ಮನೆತನದ್ದು. ರೈತರು ಅವನ ಪರ ನಿಂತರು. "ಹಜಾಮ ಮಾಡಿದ ಕೂರಿಗಿಲೇ ಬಿತ್ತಿದ್ರ ಬೀಜಾ ಹುಟ್ಟತಾವೇನು?" ಅಂದರು. ಅವನು ಕೂರಿಗೆಯನ್ನು ಮುಟ್ಟಿಯೂ ಇರಲಿಲ್ಲ, ಮಾಡಿದ್ದು ಮುದುಕಿಯ ಕಿಟಕಿ. ಸರಕಾರ ದೊಡ್ಡ ಮನಸ್ಸು ಮಾಡಿ ಕೈಗೊಂದು ಕಸುಬು ಕೊಟ್ಟು ಕಳಿಸಿತು. ಆ ಕಸುಬಿಗೆ ಊರಲ್ಲಿ ತಲೆತಲಾಂತರದ ಒಡೆಯನಿದ್ದಾನೆ ಎಂಬುದು ಅದಕ್ಕೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಗರಜೂ ಇರಲಿಲ್ಲ.

ಅವನ ಹೆಂಡತಿ ಗಾಳೆವ್ವ ಮೂರು ವರ್ಷ ಕಂಡವರ ಹೊಲದಲ್ಲಿ ಕಳೆ ತೆಗೆದು ಮಕ್ಕಳನ್ನು ಸಾಕಿದ್ದಳು. ಗಂಡ ಬಂದ ಮೇಲೂ ಅದನ್ನೇ ಮಾಡಿದಳು. ಒಂದು ಸಂಜೆ ನನ್ನ ಹತ್ತಿರ ಕೂತು, "ಯಕ್ಕಾ, ಜೈಲಿನ್ಯಾಗ ಇದ್ದಾಗ ಒಂದಿನ ಬರ್ತಾನಂತ ಹೇಳ್ಕೋತ ಇದ್ದೆ. ಈಗ ಏನಂತ ಹೇಳ್ಕೊಳ್ಳಿ?" ಅಂದಳು.

ಕೊನೆಗೆ ಅಯ್ಯಪ್ಪ ಗಜೇಂದ್ರಗಡಕ್ಕೆ ನಡೆದ. ಅಲ್ಲಿ ಬಾಬುಸಾಬ ಎಂಬವರದು ಬಾಗಿಲು, ಚೌಕಟ್ಟು ಮಾಡುವ ಅಂಗಡಿ. ಒಂದು ಹಲಗೆ ಕೊಟ್ಟು ಕೆಲಸ ಮಾಡಿಸಿ ನೋಡಿದರು.

"ಕೈ ಚಲೋ ಐತಿ" ಅಂದರು. "ಆದ್ರ ನಿಮ್ಮ ಸೀಮಿ ಮಂದಿನ ನನ್ನ ಗಿರಾಕಿ. ನಿಮ್ಮ ಗೌಡ್ರ ಕಡಿಂದ ಒಂದ್ ಮಾತ ತರಸು, ಇಂವ ಭರೋಸಾದ ಮನಷಾ ಅಂತ. ಅಷ್ಟಾದ್ರ ಮರದಿನಾನ ಬಾ."

ಒಂದೇ ಒಂದು ಮಾತು. ಗಾಳೆವ್ವನ ಮನೆಯ ಒಲೆ ಆ ಮಾತಿಗೆ ಕಾದು ಕೂತಿತು. ಅಯ್ಯಪ್ಪ ಗೌಡರ ಕಟ್ಟೆಗೆ ಹೋದಾಗಲೆಲ್ಲ ಅವರು "ನೋಡೂಣು" ಅನ್ನುತ್ತಿದ್ದರು. ಸುಗ್ಗಿ ಹೋಯಿತು, ಬೇಸಿಗೆ ಬಂತು, ನೋಡೂಣು ನೋಡೂಣಾಗಿಯೇ ಉಳಿಯಿತು. ನಾಲಗೆಗೇನು ಕೂಲಿ ಕೊಡಬೇಕಿತ್ತೇ ಅವರು? ಇಲ್ಲ ಅಂದಿದ್ದರೆ ಅವನು ಬೇರೆ ಕಡೆ ಹೋಗುತ್ತಿದ್ದ. ಇಲ್ಲ ಅನ್ನಲೂ ಅವರಿಗೆ ಮನಸ್ಸಾಗಲಿಲ್ಲ.

ಬಿಸಿಲು ಏರಿದ ಒಂದು ದಿನ ಗೌಡರು ತೀರಿಕೊಂಡರು.

ನಮ್ಮಲ್ಲಿ ಗಂಡಸು ಸತ್ತರೆ ಮೊದಲು ಹಡಪದವನಿಂದ ಹೆಣದ ಕ್ಷೌರವಾಗಬೇಕು. ಆಮೇಲೆ ಸ್ನಾನ, ವಿಭೂತಿ, ಹೂವಿನಿಂದ ಸಿಂಗರಿಸಿದ ವಿಮಾನವೆಂಬ ಚಟ್ಟದಲ್ಲಿ ಕೂಡಿಸುವುದು. ಗೌಡರು ಹಾಸಿಗೆ ಹಿಡಿದಿದ್ದರಿಂದ ಬಿಳಿ ಗಡ್ಡ ಚುಚ್ಚುವಷ್ಟು ಬೆಳೆದಿತ್ತು. ಸವಡಿಯವನಿಗೆ ಹೇಳಿ ಕಳಿಸಿದರೆ ಅವನಿಲ್ಲ. ಲಕ್ಕಲಕಟ್ಟಿಗೆ ಓಡಿದರು, ಅಲ್ಲಿಯವನೂ ಇಲ್ಲ, ನರೇಗಲ್ಲಿನವನೂ ಇಲ್ಲ. ನರಗುಂದದಲ್ಲಿ ಅವರ ಬಳಗದ ದೊಡ್ಡ ಮದುವೆ. ಗಜೇಂದ್ರಗಡದವರೂ ಸೇರಿ ಸುತ್ತಲಿನ ಹಡಪದವರೆಲ್ಲ ಹೆಂಡಿರು ಮಕ್ಕಳನ್ನು ಗಾಡಿಯಲ್ಲಿ ಹೇರಿಕೊಂಡು ಅಲ್ಲಿಗೆ ಹೋಗಿದ್ದರು. ಕರೆ ಬಾರದೆ ಉಳಿದವನು ಒಬ್ಬನೇ. ಜೈಲಿಗೆ ಹೋಗಿ ಬಂದವನನ್ನು ಮದುವೆ ಪಂಗತಿಯಲ್ಲಿ ಯಾರು ಕೂಡಿಸಿಕೊಳ್ಳುತ್ತಾರೆ?

ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು. ಗೌಡರ ಮಗ ಕಳಕನಗೌಡ ತಾನೇ ನಮ್ಮ ಓಣಿಗೆ ಬಂದ. ಆ ಮನೆತನದವರು ನಮ್ಮ ಓಣಿಯಲ್ಲಿ ಕಾಲಿಟ್ಟದ್ದನ್ನು ನಾನು ಅವತ್ತೇ ಕಂಡದ್ದು.

"ಅಯ್ಯಪ್ಪ, ಲಗೂ ಏಳು. ಅಪ್ಪಗ ಕ್ಷೌರಾ ಆಗಬೇಕು. ಇದೊಂದ್ ಕೆಲಸಾ ಮಾಡು, ನಾಳಿಗೆ ನಾನ ಬಾಬುಸಾಬಗ ಹೇಳಿ ಕಳಸ್ತೀನಿ."

ಗಾಳೆವ್ವ ಓಡಿಹೋಗಿ ಗಂಡನ ಚೀಲ ತಂದಳು. ಅಂತೂ ಆ ಮಾತು ಅವರ ಬಾಗಿಲಿಗೇ ಬಂದಿತ್ತಲ್ಲ. ಅಯ್ಯಪ್ಪ ಚೀಲ ಹಿಡಿದು ನಡೆದ. ನಾವೂ ಹಿಂದೆ ಹೋದೆವು.

ಗೌಡರನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದರು. ಅಂಗಳದ ತುಂಬ ಜನ. ಅಯ್ಯಪ್ಪ ಹೆಣಕ್ಕೆ ಕೈಮುಗಿದ, ನೀರಿನ ಬಟ್ಟಲು ಇಟ್ಟ, ಕತ್ತಿ ತೆಗೆದ. ಆಮೇಲೆ ಕಳಕನಗೌಡನ ಕಡೆ ತಿರುಗಿದ.

"ಬಾಬುಸಾಬರಿಗೆ ಏನಂತ ಹೇಳಿ ಕಳಸ್ತೀರಿ, ಧಣ್ಯಾರ?"

"ಭರೋಸಾದ ಮನಷಾ ಅಂತ ಹೇಳ್ತೀನಿ. ಮೊದಲ ಕೆಲಸಾ ಮುಗಸೋ ಮಾರಾಯಾ."

"ಭರೋಸಾ ಖರೇ ಇದ್ರ ಮೊದಲ ನೀವು ಕುಂದರ್ರಿ. ನಿಮ್ದೂ ಗಡ್ಡಾ ಬೆಳದೈತಿ. ನಿಮ್ದು ಮಾಡಿ ಆಮ್ಯಾಲೆ ಅಪ್ಪಾರ್ದು ಮಾಡ್ತೀನಿ."

ಹಿರಿಯರೊಬ್ಬರು, "ಹೆಣದ ಮುಂದ ಇದೆಂಥಾ ಹಟಾನೋ?" ಎಂದು ಗದರಿದರು.

"ಹಟಾ ಅಲ್ರಿ. ಸತ್ತವರಿಗೆ ನನ್ನ ಅಂಜಿಕಿಲ್ಲ, ಅದಕ್ಕ ಕರದೀರಿ. ಬದಕಿದ್ದವರು ಒಬ್ಬರರೆ ಕುಂದರ್ರಿ. ಯಾರರೆ ಆಗ್ಲಿ. ಮುಗಸಿ ಇವರ್ದೂ ಮಾಡಿ ಹೋಗ್ತೀನಿ."

ಕಳಕನಗೌಡ ಎತ್ತರದ ಮನುಷ್ಯ, ಕುಸ್ತಿ ಆಡಿದವನು. ಒಂದು ಹೆಜ್ಜೆ ಮುಂದೆ ಬಂದ. ಕತ್ತಿ ನೋಡಿದ, ಅಯ್ಯಪ್ಪನ ಮುಖ ನೋಡಿದ. ಕೈ ತಾನಾಗಿಯೇ ಕುತ್ತಿಗೆಗೆ ಹೋಯಿತು. ಕೂರಲಿಲ್ಲ. ಅಷ್ಟು ಗಂಡಸರಲ್ಲಿ ಒಬ್ಬನೂ ಕೂರಲಿಲ್ಲ. ನನ್ನ ಗಂಡ ಎಲ್ಲಿದ್ದಾನೆಂದು ಹುಡುಕಿದೆ. ಅವನು ಕಂಬದ ಹಿಂದೆ ನಿಂತು ಕಾಲ ಹೆಬ್ಬೆರಳು ನೋಡಿಕೊಳ್ಳುತ್ತಿದ್ದ.

ಅಯ್ಯಪ್ಪ ಕತ್ತಿ ಮಡಿಸಿದ, ಬಟ್ಟಲಿನ ನೀರು ಚೆಲ್ಲಿದ, ಮತ್ತೊಮ್ಮೆ ಹೆಣಕ್ಕೆ ಕೈಮುಗಿದು ಮನೆಗೆ ಬಂದ. ದೇವಪ್ಪಗೌಡರು ಗಡ್ಡದ ಸಮೇತ ಮಣ್ಣಾದರು. ತಂದೆಯನ್ನು ಹಾಗೆ ಕಳಿಸಲು ಒಪ್ಪಿದರು, ತಮ್ಮ ಗದ್ದ ಎತ್ತಲು ಒಪ್ಪಲಿಲ್ಲ. ಆಮೇಲೆ ಸತ್ತವರಿಗೆ ಅಪಮಾನ ಮಾಡಿದ ಎಂದು ಊರವರೆಲ್ಲ ಅಯ್ಯಪ್ಪನನ್ನೇ ಬೈದರು. ಅಂಥ ನಾಲಗೆಗಳಿಗೆ ಹುಳ ಬೀಳಲಿ.

ಮರುದಿನ ಅವನು ಗೌಡರ ಮನೆಯ ಮಾತಿಲ್ಲದೆ ಬರಿಗೈಯಲ್ಲೇ ಗಜೇಂದ್ರಗಡಕ್ಕೆ ಹೋದ. ಬಾಬುಸಾಬರಿಗೆ ಸುದ್ದಿ ಆಗಲೇ ಮುಟ್ಟಿತ್ತು. "ನಿಂದ ಏನೂ ತಪ್ಪಿಲ್ಲೋ ತಮ್ಮಾ. ಆದ್ರ ನಾನೂ ಹೊಟ್ಟಿ ಹೊರೀಬೇಕು. ಮುಂದ ಅಂಗಡ್ಯಾಗ ಕುಂದರಬ್ಯಾಡ. ಹಿತ್ತಲದಾಗ ಮಾಡು, ಗಿರಾಕಿ ಕಣ್ಣಿಗೆ ಬೀಳಬ್ಯಾಡ" ಅಂದರಂತೆ. ಅಯ್ಯಪ್ಪ ಹೂಂ ಅಂದ. ಕಳ್ಳನಲ್ಲದವನು ಕಳ್ಳನ ಹಾಗೆ ಹಿತ್ತಲ ಬಾಗಿಲಿಂದ ಹೋಗಿ ಬಂದು ದುಡಿಯತೊಡಗಿದ. ಗಾಳೆವ್ವನ ಒಲೆ ಎರಡು ಹೊತ್ತು ಉರಿಯಿತು.

ವರ್ಷ ತುಂಬುವುದರೊಳಗೆ ಕಳಕನಗೌಡ ಮನೆಯ ಮುಂಭಾಗ ಹೊಸದಾಗಿ ಕಟ್ಟಿಸಿ, ಬಾಬುಸಾಬರ ಅಂಗಡಿಯಿಂದ ಸಾಗವಾನಿಯ ಬಾಗಿಲು, ಹೊಸ್ತಿಲು ತರಿಸಿದ. ಅಂಥ ಕೆಲಸ ನಮ್ಮೂರ ಬಡಿಗನಿಗೆ ಬರುವುದಿಲ್ಲ ಎಂದು ಅವನೇ ಕಟ್ಟೆಯ ಮೇಲೆ ಕೂತು ಹೇಳಿದ. ಪೂಜೆಗೆ ಊರನ್ನೆಲ್ಲ ಕರೆದ, ನನ್ನನ್ನೂ ಕರೆದ. ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ ಹೂ ಏರಿಸಿದರು. ಕಳಕನಗೌಡ ಮಂಡಿಯೂರಿ, ಎರಡು ಕಣ್ಣನ್ನೂ ಮುಚ್ಚಿ, ಕುತ್ತಿಗೆ ಬಾಗಿಸಿ, ಅಯ್ಯಪ್ಪ ಕೆತ್ತಿದ ಹೊಸ್ತಿಲ ಮೇಲೆ ಹಣೆಯಿಟ್ಟ.

ಇದು ಅಯ್ಯಪ್ಪನ ಕೈಕೆಲಸ ಎಂಬ ಮಾತು ನನ್ನ ನಾಲಗೆಯ ತುದಿಯ ತನಕ ಬಂದಿತ್ತು. ಹೇಳಿದ್ದರೆ ಅವತ್ತೇ ಆ ಬಾಗಿಲು ಕಿತ್ತು ಬೀದಿಗೆ ಒಗೆಯುತ್ತಿದ್ದರು, ಅಯ್ಯಪ್ಪನ ಹಿತ್ತಲ ಕೆಲಸವೂ ಹೋಗುತ್ತಿತ್ತು. ಗಾಳೆವ್ವ ನನ್ನ ಸೆರಗು ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದಳು. ಅವರು ಕೊಟ್ಟ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡು, ಹಲ್ಲು ಕಚ್ಚಿ ಸುಮ್ಮನಾದೆ.