ಹೆಸರಿಗೆ ಅಂಟಿದ ‘ದಿ||’

ಮಳವಳ್ಳಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ, ಗೃಹಪ್ರವೇಶ, ತಿಥಿ, ಏನೇ ಕಾರ್ಡಿದ್ದರೂ ನಮ್ಮೂರಿನವರು ನನ್ನ ಹತ್ತಿರವೇ ಬರುತ್ತಾರೆ. ಕಾರ್ಡಿನಲ್ಲಿ ಬಳಗದವರ ಹೆಸರೆಲ್ಲ ಇರಬೇಕು, ತೀರಿಕೊಂಡವರ ಹೆಸರಿಗೆ ‘ದಿ||’ ಇರಲೇಬೇಕು. ಒಂದು ತಪ್ಪಿದರೆ ಚಪ್ಪರದಲ್ಲೇ ಜಗಳ. ಅದಕ್ಕೇ ಹಳೆಯ ಫೈಲುಗಳನ್ನೆಲ್ಲ ಮನೆತನದ ಪ್ರಕಾರ ಇಟ್ಟುಕೊಂಡು, ಮುಂದಿನ ಕಾರ್ಡಿಗೂ ಅದನ್ನೇ ತಿದ್ದಿ ಬಳಸುತ್ತೇನೆ.

ಅಪ್ಪ ಹೋದಾಗ ಅವರ ಹೆಸರು ಎಷ್ಟು ಫೈಲಿನಲ್ಲಿತ್ತೋ ದೇವರೇ ಬಲ್ಲ. ಊರಿನ ಯಜಮಾನರು, ಅವರ ಹೆಸರಿಲ್ಲದ ಕಾರ್ಡೇ ಇರಲಿಲ್ಲ. ಒಂದೊಂದನ್ನೇ ತೆರೆದು ಆ ಎರಡು ಗೆರೆ ಎಳೆಯುವುದು ನನ್ನಿಂದಾಗಲಿಲ್ಲ. ಒಂದು ಸ್ಕ್ರಿಪ್ಟ್ ಬರೆದೆ. ಫೈಲುಗಳನ್ನೆಲ್ಲ ತಾನೇ ತೆರೆದು, ಆ ಹೆಸರು ಕಂಡಲ್ಲೆಲ್ಲ ‘ದಿ||’ ಸೇರಿಸಿ ಮುಚ್ಚುವಂಥದ್ದು. ಲೋಟದ ಟೀ ಆರುವಷ್ಟರಲ್ಲಿ ಮುಗಿದೇ ಹೋಯಿತು. ಹಳೆಯದರ ಕಾಪಿ ಇಟ್ಟುಕೊಳ್ಳಬೇಕಿತ್ತು. ಇಟ್ಟುಕೊಳ್ಳಲಿಲ್ಲ, ದಡ್ಡಿ ನಾನು.

ನಮ್ಮೂರಿನಲ್ಲಿ ಊರ ದೇವರ ಹೆಸರು ಮನೆಗೊಬ್ಬರಿಗಿದೆ, ಅಪ್ಪನದೂ ಅದೇ. ಕರೆಯುವುದು ಅಡ್ಡಹೆಸರಿನಿಂದ, ಕಾರ್ಡಿಗೆ ಅದನ್ನು ಯಾರೂ ಹಾಕಿಸುವುದಿಲ್ಲ. ಆ ಹೊತ್ತಿನಲ್ಲಿ ನನಗೆ ಇದು ಹೊಳೆಯಲೇ ಇಲ್ಲ.

ಎರಡು ತಿಂಗಳಾದ ಮೇಲೆ ಅಪ್ಪನ ಗೆಳೆಯರೊಬ್ಬರು ಬಂದರು. ಅವರದೂ ಅಪ್ಪನದೇ ಹೆಸರು, ನನಗೆ ವರಸೆಯಲ್ಲಿ ಚಿಕ್ಕಪ್ಪ. ಕೈಯಲ್ಲಿ ಕಿರಿಮಗಳ ಮದುವೆ ಕಾರ್ಡು. ಹಿರಿಮಗಳ ಫೈಲನ್ನೇ ತಿದ್ದಿ ನಾನೇ ಮಾಡಿಕೊಟ್ಟಿದ್ದೆ. ವಧೂವರರ ಹೆಸರು, ಮುಹೂರ್ತ ಬಿಟ್ಟು ಬೇರೇನೂ ನೋಡಿರಲಿಲ್ಲ. ಅದರ ಮೂಲೆಗೆ ಅರಿಶಿನ ಹಚ್ಚಿ, ಹಲಗೂರು, ಕಿರುಗಾವಲು ಅಂತ ಅವರೇ ಮನೆಮನೆಗೆ ಹೋಗಿ ಕೊಟ್ಟು ಬಂದಿದ್ದರು.

“ನನ್ಗೊಂದ್ ಮಾತೂ ಯೋಳ್ದಂಗೆ ಸಾಯಿಸ್ಬುಟ್ಟಲ್ಲ ಕಣವ್ವ!” ಎಂದು ನಕ್ಕರು. ಕಾರ್ಡಿನಲ್ಲಿ ತಮ್ಮ ಹೆಸರಿನ ಮುಂದಿದ್ದ ‘ದಿ||’ ಮೇಲೆ ಬೆರಳಿಟ್ಟರು. “ನಿಮ್ ಚಿಕ್ಕಮ್ಮ ಇನ್ನೂ ನೋಡಿಲ್ಲ. ನೋಡುದ್ರೆ ಅಪಶಕುನ ಅಂತ ಮದ್ವೇನೇ ನಿಲ್ಲಿಸ್ಬುಡ್ತಾಳೆ. ಸಂಜೆ ಒಳ್ಗೆ ಬ್ಯಾರೆ ಮಾಡ್ಕೊಡು.”

“ತಪ್ಪಾಯ್ತು ಚಿಕ್ಕಪ್ಪ” ಎಂದೆ. ನಾಚಿಕೆಯಿಂದ ನೆಲ ಬಿರಿಯಬಾರದೇ ಅನಿಸಿತು. ಹೊಸ ಕಾರ್ಡು ಪ್ರಿಂಟಿಗೆ ಹಾಕಿದೆ. ಅವರು ಏಳಲಿಲ್ಲ.

“ಬ್ಯಾರೆ ಕಾರ್ಡ್‌ನಾಗೂ ಇಂಗೇ ಸತ್ತಿದ್ದೀನಾ?”

“ಹೂಂ.”

“ಎಲ್ಲಾನೂ ತಗ್ದಾಕವ್ವ. ಒಂದ್ರಲ್ಲೂ ಇರ್ಬಾರ್ದು.”

ಒಂದೇ ಸಲಕ್ಕೆ ತೆಗೆಯಬಹುದು, ಆದರೆ ನೀವು ಯಾರು, ಅಪ್ಪ ಯಾರು ಅಂತ ಕಂಪ್ಯೂಟರಿಗೆ ಗೊತ್ತಾಗಲ್ಲ, ತೆಗೆದರೆ ಇಬ್ಬರದೂ ಹೋಗುತ್ತೆ ಎಂದೆ.

“ಓಗ್ಲಿ, ಅವ್ನೂ ಬದುಕ್ಲಿ ಬುಡು” ಎಂದರು.

ಸ್ಕ್ರಿಪ್ಟನ್ನು ತಿರುಗುಮುರುಗು ಮಾಡಿ ಓಡಿಸಿದೆ. ಮದುವೆ ಚೆನ್ನಾಗಿ ನಡೆಯಿತು, ಚಿಕ್ಕಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಮತ್ತೊಮ್ಮೆ ಓಡಿಸುವ ಧೈರ್ಯ ನನಗಿಲ್ಲ. ಈಗ ಯಾರು ಬಂದರೂ ಆ ಮನೆತನದ ಫೈಲು ತೆರೆದು ಹೆಸರುಗಳನ್ನು ಒಂದೊಂದಾಗಿ ಓದುತ್ತೇನೆ. ನಿನ್ನೆ ಒಂದು ಗೃಹಪ್ರವೇಶದ ಕಾರ್ಡು ತೆರೆದೆ. ಹಿರಿಯರ ಸಾಲಿನಲ್ಲಿ ಮೊದಲನೆಯವರಾಗಿ ಅಪ್ಪ ಬದುಕಿದ್ದರು. ಮನೆಯವರು ಎದುರಿಗೇ ಕೂತು ಕಾಯುತ್ತಿದ್ದರು. ನಾನೇ ಸಾಯಿಸಿದೆ.