ತೂತಿಲ್ಲದ ಕಡೆ ಒಂದು ತೇಪೆ

ಬಂದರಿನ ಮುಳುಗುಗಾರರಾದ ನಮಗೆಲ್ಲ ಅವಳು ಸೋಪಕ್ಕ. ಗಾಳಿಜಾಕೆಟ್ಟು ಸೋರಿದರೆ ಅವಳ ಬಾಗಿಲಿಗೇ ಹೋಗಬೇಕು. ಹಡಗಿನ ತಳಕ್ಕೆ ಅಂಟಿದ ಚಿಪ್ಪು ಕೆರೆಯಲು ನೀರಿಗಿಳಿದವನನ್ನು ಬೇಕಾದ ಆಳದಲ್ಲಿ ಹಿಡಿದು ನಿಲ್ಲಿಸುವುದು ಆ ಜಾಕೆಟ್ಟಿನೊಳಗಿನ ಗಾಳಿ. ಅದು ಸೋರಿತೋ, ಸೊಂಟಕ್ಕೆ ಕಟ್ಟಿದ ಸೀಸ ಅವನನ್ನು ಕೆಳಕ್ಕೆಳೆಯುತ್ತದೆ.

ಅಡುಗೆಮನೆಯ ಪಕ್ಕದ ಮೊಳದಗಲದ ಕೋಣೆಯಲ್ಲಿ ಅವಳು ಜಾಕೆಟ್ಟಿಗೆ ಗಾಳಿ ತುಂಬಿ, ಸೋಪಿನ ನೊರೆ ಬಳಿದು, ಗುಳ್ಳೆ ಎಲ್ಲೇಳುತ್ತದೆಂದು ಕಾಯುವಳು. ಸಂಶಯ ಬಂದರೆ ಒದ್ದೆ ತುಟಿಯನ್ನೇ ಹೊಲಿಗೆಗೆ ತಾಗಿಸುವಳು. ವಾಲ್ವಿನ ವಾಷರ್ ಸವೆದಿದ್ದರೆ ಹೊಸದು. ತೂತಾಗಿದ್ದರೆ ಉಜ್ಜಿ, ಸೊಲ್ಯೂಷನ್ ಹಚ್ಚಿ, ಕರಿ ರಬ್ಬರಿನ ತೇಪೆ. ಕೈಮೀರಿದ್ದನ್ನು ಮಾತ್ರ ವಾಪಸ್ ಕೊಡುತ್ತಿರಲಿಲ್ಲ, ಅಲ್ಲೇ ಕತ್ತರಿಯಲ್ಲಿ ಎರಡು ತುಂಡು. ಕೊಟ್ಟರೆ ಹಾಕ್ಕೊಂಡು ಇಳೀತೀರಿ, ನಿಮ್ಮ ಬುದ್ಧಿ ನನಗೆ ಗೊತ್ತು ಎನ್ನುವಳು.

ಅವಳ ಗಂಡನೂ ಮುಳುಗುಗಾರ, ನಮಗೆಲ್ಲ ಭಾವ. ಅವನ ಜಾಕೆಟ್ಟಿಗೆ ಹನ್ನೊಂದು ತೇಪೆ, ಎಲ್ಲವೂ ಅವಳ ಕೈಯವು. ಹತ್ತೊಂಬತ್ತು ದಿನ ಗೇಟಿನ ಮುಂದೆ ಕೂತು, ಲಾಠಿ ಏಟು ತಿಂದು, ಕಂಪನಿಯಿಂದ ನಾವು ಹೊಸ ಜಾಕೆಟ್ಟು ಕಕ್ಕಿಸಿದರೆ, ಈ ಪುಣ್ಯಾತ್ಮ ತನ್ನದನ್ನು ಮಂಚದ ಕೆಳಗೆ ತಳ್ಳಿ ಹಳೆಯದನ್ನೇ ತೊಟ್ಟು ಬಂದ. ಚೆನ್ನಾಗಿ ಬೈದೆ. ಹೊಸದಕ್ಕೆ ಯಾರ ಕೈ ಬಿದ್ದಿದೆಯೋ ಯಾರಿಗೆ ಗೊತ್ತು ಎಂದ.

ಒಂದು ಬೆಳಿಗ್ಗೆ ಹನ್ನೆರಡನೆಯ ತೇಪೆಗೆಂದು ಆ ಹಳೆಯದನ್ನು ಅವಳ ಮುಂದಿಟ್ಟು ಹೊರಟ. ಸಂಘದ ಸಭೆಯ ವಿಷಯ ಹೇಳಲು ಹೋದ ನಾನು ಅಲ್ಲೇ ಇದ್ದೆ. ನೊರೆ ಬಳಿದಳು. ಬೆನ್ನುದ್ದಕ್ಕೂ ಸಾಸಿವೆಯಷ್ಟು ಸಾಸಿವೆಯಷ್ಟು ಗುಳ್ಳೆ. ಬಟ್ಟೆಯ ಒಳಪದರವೇ ಎದ್ದುಹೋಗಿತ್ತು, ತೇಪೆ ಹಿಡಿಯಲು ಜಾಗವೇ ಇಲ್ಲ. ಒರೆಸಿ ಮತ್ತೆ ಬಳಿದಳು. ಮೂರು ಸಲ. ಆಮೇಲೆ ಕತ್ತರಿ ಎತ್ತಿಕೊಂಡಳು. ತೇಪೆಗಳ ಮೇಲೆ ಕತ್ತರಿ ತಿಣುಕಿತು, ಅಷ್ಟು ಗಟ್ಟಿಯಾಗಿ ಅಂಟಿಸಿದ್ದಳು.

ಭಾವ ಮಧ್ಯಾಹ್ನ ಬಂದು ತುಂಡುಗಳನ್ನು ನೋಡಿದ. ಎರಡು ದಿನ ಆ ಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡಿದವು. ನಾವು ಮೂಲೆಗೆಸೆದಿದ್ದ ಹಳೇ ಜಾಕೆಟ್ಟುಗಳ ರಾಶಿಯಲ್ಲಿ ಅವನು ಹೆಂಡತಿಯ ತೇಪೆ ಇರುವುದೊಂದನ್ನು ಹುಡುಕುತ್ತಿದ್ದ. ಹೋಗಿ ಅಕ್ಕನಿಗೆ ಚಾಡಿ ಹೇಳಿದವನು ನಾನೇ.

ಅವಳು ಮಂಚದ ಕೆಳಗಿಂದ ಹೊಸದನ್ನು ಎಳೆದಳು. ಗಾಳಿ ತುಂಬಿ, ನೊರೆ ಬಳಿದು, ಒಂದೊಂದು ಹೊಲಿಗೆಗೂ ತುಟಿ ತಾಗಿಸಿದಳು. ಒಂದು ಗುಳ್ಳೆಯೂ ಏಳಲಿಲ್ಲ. ತೊಟ್ಟು ಸೊಲ್ಯೂಷನ್ ಹಾಳಾದರೂ ಬೈಯುವ ಹೆಂಗಸು, ಎದೆಯ ಜೇಬಿನ ಮೇಲೆ ಚೊಕ್ಕವಾಗಿ ಒಂದು ತೇಪೆ ಅಂಟಿಸಿದಳು.

"ತೂತೇ ಇಲ್ಲವಲ್ಲಕ್ಕ?" ಅಂದೆ.

"ಜಾಕೆಟ್ಟಿಗಿಲ್ಲ. ನಿಮ್ಮ ಭಾವನ ತಲೆಗಿದೆ."

ಅಷ್ಟರಲ್ಲಿ ಭಾವ ಬಾಗಿಲಲ್ಲಿ ನಿಂತಿದ್ದ. ಒಳಗೆ ಬಂದು ಬಗ್ಗಿ ನೋಡಿದ.

"ಇದು ಬರೀ ಜೇಬಲ್ವೇನೇ? ಇಲ್ಲಿ ಗಾಳಿ ಎಲ್ಲಿರುತ್ತೆ?"

"ಗೊತ್ತು," ಎಂದಳು ಅವಳು. ತೇಪೆಯ ಅಂಚಿಗೆ ಹೋದ ಅವನ ಕೈಗೊಂದು ಏಟು ಕೊಟ್ಟಳು. "ಮುಟ್ಟಬೇಡಿ. ಒಣಗಲಿ."

ಅವನು ಜಾಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಒಣಗುವವರೆಗೂ ಅಲ್ಲೇ ಕೂತ. ಮರುದಿನ ಅದನ್ನೇ ತೊಟ್ಟು ನೀರಿಗಿಳಿದ.